ಕಮ್ಚಾಟ್ಕಾ ಟ್ರೆಕ್‌ಗೆ ಹೊರಟಿದ್ದೀರಾ? ಮೊದಲು ಗೇಟರ್ ಎತ್ತಿಡಿ

ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾಗೆ ಗೈಡ್ ಜೊತೆ ಸಣ್ಣ ಗುಂಪಲ್ಲಿ ಹೋಗುವವರಿಗೆ ನಾಲ್ಕು ಮಾತು.

2,741 ಮೀಟರ್ ಎತ್ತರದ ಅವಾಚಿನ್ಸ್ಕಿ ಜ್ವಾಲಾಮುಖಿ ಹತ್ತುವಾಗ ಕಾಲ ಕೆಳಗೆ ಬರೀ ಬೂದಿ, ಸಡಿಲ ಕಲ್ಲು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಜಾರುತ್ತೀರಿ. ಹರಳು ಶೂ ಒಳಗೆ ನುಗ್ಗದಂತೆ ಗೇಟರ್, ಅಂದರೆ ಶೂ ಬಾಯಿ ಮುಚ್ಚಿ ಕಾಲಿಗೆ ಸುತ್ತುವ ಹೊದಿಕೆ, ಹಾಕಿಕೊಳ್ಳಿ. ಹೊಸ ಶೂ ಅಂತೂ ಬೇಡವೇ ಬೇಡ.

ಮುತ್ನೋವ್ಸ್ಕಿ ಎಂಬ ಇನ್ನೊಂದು ಜ್ವಾಲಾಮುಖಿಯ ಕುಳಿಯೊಳಗೆ ನಡೆದೇ ಹೋಗಬಹುದು. ನಿಜವಾದ ಎಚ್ಚರ ಬೇಕಾಗುವುದು ಅಲ್ಲೇ. ನೆಲದ ಬಿರುಕುಗಳಿಂದ ಬಿಸಿ ಆವಿ, ಗಂಧಕದ ಅನಿಲ ಬರುತ್ತಿರುತ್ತದೆ. ಅದರಲ್ಲಿ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಗ್ಗಲ್ಲಿ ನಿಂತುಬಿಡುತ್ತದೆ. ಆ ವಾಸನೆ ನಿಂತಿತು ಅಂತ ನಿರಾಳ ಆಗಬೇಡಿ. ಅನಿಲ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ! ಗಾಳಿ ತಿರುಗಿ ಗೈಡ್ ಹೊರಡಿ ಅಂದರೆ ಹೊರಡಿ, ಫೋಟೋ ಆಮೇಲೆ. ಮೂಗು-ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಗಂಟಲಿಗೆ ಸ್ವಲ್ಪ ಹಿತ, ಆದರೆ ಅದು ಗ್ಯಾಸ್ ಮಾಸ್ಕ್ ಅಲ್ಲ. ಆಸ್ತಮಾ ಇದ್ದರೆ ಬುಕ್ ಮಾಡುವ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ.

ಇನ್ನು ಕರಡಿ. ಕುರಿಲ್ ಸರೋವರಕ್ಕೆ ಸಾಲ್ಮನ್ ಮೀನು ಬರುವ ಕಾಲದಲ್ಲಿ ಕಂದು ಕರಡಿಗಳು ಗುಂಪುಗುಂಪಾಗಿ ಸೇರುತ್ತವೆ. ಪೊದೆ ದಾರಿಯಲ್ಲಿ ಮಾತಾಡುತ್ತಾ ಒಟ್ಟಿಗೆ ನಡೆಯಿರಿ. ಎದುರಾದರೆ ಓಡಬೇಡಿ. ಟೆಂಟಲ್ಲಿ ತಿಂಡಿ ಇಡಬಾರದು, ಟೂತ್‌ಪೇಸ್ಟ್ ಕೂಡ. ಅದಕ್ಕೂ ವಾಸನೆ ಇದೆ ಅಲ್ವಾ?

ಮೋಡ ಮುಚ್ಚಿದರೆ ಹೆಲಿಕಾಪ್ಟರ್ ಹಾರುವುದಿಲ್ಲ. ವಾಪಸ್ ಟಿಕೆಟ್ ತೆಗೆಯುವಾಗ ಎರಡು ದಿನ ಬಿಡುವು ಇಟ್ಟುಕೊಳ್ಳಿ.