ಹೊಳೆ ಬರುವ ಮುಂಚೆ ಅಂಗಡಿ ಎತ್ತುವುದು

ಗೋಕಾಕದಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ಅಂಗಡಿಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಅಕ್ಕಿ ಚೀಲಕ್ಕೆ ಜಾಸ್ತಿ ದುಡ್ಡು ಹಾಕಿದ್ದೆನಲ್ಲ, ಅವನ್ನೇ ಮೊದಲು ಅಟ್ಟಕ್ಕೆ ಹೊತ್ತೆ. ಗಲ್ಲಾದ ಕೆಳಗಿದ್ದ ಉದ್ರಿ ಪುಸ್ತಕ ಮರೆತೇ ಹೋಯಿತು. ನೀರು ಇಳಿದ ಮೇಲೆ ನೋಡಿದರೆ ಶಾಯಿ ಹರಡಿ ಒಂದು ಹೆಸರೂ ಓದಲು ಬರುತ್ತಿರಲಿಲ್ಲ. ಕೆಲವರು ತಾವಾಗಿಯೇ ಬಂದು ಬಾಕಿ ಹೇಳಿದರು, ಅವರ ಋಣ ದೊಡ್ಡದು. ಉಳಿದವರನ್ನು ಕೇಳುವುದು ಹೇಗೆ? ಅವರ ಮನೆಯೂ ಮುಳುಗಿತ್ತು.

ಆಮೇಲೆ ನಾನೂ ನನ್ನ ಹೆಂಡತಿಯೂ ಕೂತು, ಯಾವುದು ಮೊದಲು ಮೇಲೇರಬೇಕು ಎಂದು ಬರೆದೆವು. ಮೇನ್ ಸ್ವಿಚ್ ಆರಿಸದೆ ಯಾವುದಕ್ಕೂ ಕೈ ಹಾಕುವಂತಿಲ್ಲ. ಉದ್ರಿ ಪುಸ್ತಕ, ಲೈಸೆನ್ಸ್, ಖರೀದಿ ಬಿಲ್ಲು ಈಗ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ, ಅದು ಎಲ್ಲಕ್ಕಿಂತ ಮೊದಲು. ನಂತರ ತೂಕದ ಯಂತ್ರ, ಇನ್ವರ್ಟರ್ ಬ್ಯಾಟರಿ. ಆಮೇಲೆ ಸಕ್ಕರೆ, ಉಪ್ಪು, ಬೆಲ್ಲ, ಯಾಕಂದರೆ ಇವು ನೀರಲ್ಲಿ ಕರಗಿಯೇ ಹೋಗುತ್ತವೆ. ಅಕ್ಕಿ, ಬೇಳೆ ಅದಾದ ಮೇಲೆ. ಸೀಲ್ ಇರುವ ಎಣ್ಣೆ ಡಬ್ಬಿ ಕೊನೆಗೆ.

ನಮ್ಮೂರಲ್ಲಿ ಬಿಸಿಲಿದ್ದರೂ ಹೊಳೆ ಬರಬಹುದು. ಮೇಲೆ ಮಹಾರಾಷ್ಟ್ರದ ಅಂಬೋಲಿ ಕಡೆ ಮಳೆ ಹಿಡಿದರೆ ಹಿರಣ್ಯಕೇಶಿ ತುಂಬುತ್ತದೆ, ಅದು ಘಟಪ್ರಭೆಗೇ ಸೇರುವ ನದಿ. ಮಾರ್ಕಂಡೇಯವೂ ಅಷ್ಟೇ. ಅದಕ್ಕೆ ಹಿರಣ್ಯಕೇಶಿ ದಂಡೆಯ ಸಂಕೇಶ್ವರದ ಒಬ್ಬ ವ್ಯಾಪಾರಿಗೆ ಮಳೆಗಾಲದಲ್ಲಿ ದಿನಾ ಫೋನ್ ಮಾಡುತ್ತೇನೆ. ಘಟಪ್ರಭೆಯ ಹಿಡಕಲ್ ಡ್ಯಾಮಿನಿಂದ ನೀರು ಬಿಡುವ ಸುದ್ದಿಯನ್ನೂ ತಪ್ಪದೆ ನೋಡುತ್ತೇನೆ. ಜಿಲ್ಲಾ ಸಹಾಯವಾಣಿ 1077 ಬಾಗಿಲ ಮೇಲೆಯೇ ಬರೆದಿದೆ. ಮಾಲು ಸಾಗಿಸುವ ಟಂಟಂ ಗಾಡಿಯವನ ಹತ್ತಿರ ಜೂನ್‌ನಲ್ಲೇ ಮಾತಾಡಿಡುತ್ತೇನೆ. ನೀರು ಬಂದ ಹೊತ್ತಿಗೆ ಹುಡುಕಿದರೆ ಯಾರೂ ಸಿಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ತಿಂಗಳ ಮಾಲು ತರಿಸದೆ ವಾರದ ಮಾಲಷ್ಟೇ ತರಿಸುತ್ತೇನೆ. ಲಾಭ ಸ್ವಲ್ಪ ಕಡಿಮೆ ನಿಜ, ಆದರೆ ಎತ್ತುವ ಚೀಲವೂ ಕಡಿಮೆ ಅಲ್ವಾ?

2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು. ಕಪಾಟು, ಬಾಗಿಲು ನೆನೆದವು. ಮಾಲು ಉಳಿಯಿತು.

ವಿಮೆಯನ್ನೂ ಮಾಡಿಸಿದ್ದೇನೆ. 2021ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಇದೆ. ಅದರಲ್ಲಿ ಪ್ರವಾಹದ ನಷ್ಟವೂ ಬರುತ್ತದೆ. ನೆನೆದ ಮಾಲನ್ನು ವಿಮೆ ಕಂಪನಿಯ ಸರ್ವೇಯರ್ ನೋಡುವ ಮುಂಚೆ ಎಸೆಯಬೇಡಿ. ಮೊದಲೇ ತೆಗೆದ ಫೋಟೋ, ಬಿಲ್ಲು ಇದ್ದರೆ ಲೆಕ್ಕ ತೋರಿಸುವುದು ಸುಲಭ.

ಈಗ ಪ್ರತಿ ಶನಿವಾರ ರಾತ್ರಿ ಮಗಳು ಉದ್ರಿ ಪುಸ್ತಕದ ಫೋಟೋ ತೆಗೆದು ಧಾರವಾಡದಲ್ಲಿರುವ ಅತ್ತೆಗೆ ಕಳಿಸುತ್ತಾಳೆ.