ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ?

ಹಾಸನದಲ್ಲಿ ಟೂರಿಸ್ಟ್ ಕಾರು ಓಡಿಸಲು ಶುರು ಮಾಡಿ ಇಪ್ಪತ್ತಾರು ವರ್ಷವಾಯಿತು. ಗೇರು ಹಿಡಿದದ್ದಕ್ಕಿಂತ ಬೇರೆಯವರ ಕ್ಯಾಮೆರಾ ಹಿಡಿದದ್ದೇ ಹೆಚ್ಚು ಎಂದು ಮನೆಯಲ್ಲಿ ಛೇಡಿಸುತ್ತಾರೆ. ತಪ್ಪಲ್ಲ. ಕಾರಿನಿಂದ ಇಳಿದವರು ನಾಲ್ಕು ಹೆಜ್ಜೆ ಹೋಗಿ, ತಿರುಗಿ, "ಅಣ್ಣಾ, ಒಂದು ಫೋಟೋ ತೆಗೆದುಕೊಡುತ್ತೀರಾ?" ಎನ್ನುತ್ತಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಈ ಮೂರು ಊರುಗಳಲ್ಲಿ ನಾನು ತೆಗೆದ ಫೋಟೋಗಳು ಎಷ್ಟು ಮನೆಗಳ ಗೋಡೆಯ ಮೇಲಿವೆಯೋ ದೇವರಿಗೇ ಗೊತ್ತು.

ಪಾಠ ಕಲಿತದ್ದು ಮಾತ್ರ ಒಂದು ಕೆಟ್ಟ ಫೋಟೋದಿಂದ. ಅದು ರೀಲಿನ ಕಾಲ. ಒಂದು ರೋಲಿಗೆ ಮೂವತ್ತಾರು ಫೋಟೋ, ತೊಳೆಸುವವರೆಗೆ ಏನು ಬಂದಿದೆಯೆಂದು ಗೊತ್ತಾಗುತ್ತಿರಲಿಲ್ಲ. ಡಿಸೆಂಬರಿನಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ಡೋಲಿಯಲ್ಲಿ ವಿಂಧ್ಯಗಿರಿ ಹತ್ತಿದರು. ಗೊಮ್ಮಟನ ಎದುರು ನಿಲ್ಲಿಸಿ ಎರಡು ಫೋಟೋ ತೆಗೆದೆ. ತಿಂಗಳು ಕಳೆದ ಮೇಲೆ ಅವರ ಮೊಮ್ಮಗ ಒಂದು ಪ್ರಿಂಟನ್ನು ಅಂಚೆಯಲ್ಲಿ ಕಳಿಸಿದ. ಹಿಂಬದಿಯಲ್ಲಿ ಅಜ್ಜಿ ಹೇಳಿ ಬರೆಸಿದ ಒಂದೇ ಸಾಲು: "ಸ್ವಾಮಿ ಬಂದಿದ್ದಾನೆ. ನಾನು ಎಲ್ಲಿ?" ಆಕಾಶ ಬೆಳ್ಳಗಿತ್ತು, ಗೊಮ್ಮಟ ಮಸುಕಾಗಿದ್ದ, ಅಜ್ಜಿಯ ಮುಖ ಒಲೆಯ ಮಸಿಯಂತಿತ್ತು.

ಕ್ಯಾಮೆರಾ ಚೆನ್ನಾಗಿಯೇ ಇತ್ತು. ಎಡವಟ್ಟಾದದ್ದು ದಿಕ್ಕಿನಿಂದ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರಿನಲ್ಲಿ ಸೂರ್ಯ ಇಡೀ ದಿನ ದಕ್ಷಿಣದಲ್ಲೇ ಸಾಗುತ್ತಾನೆ, ಅಂದರೆ ಗೊಮ್ಮಟನ ಬೆನ್ನಿನ ಕಡೆ. ಅಂದಿನಿಂದ ಯಾವ ಊರಿಗೆ ಬಾಡಿಗೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ, ಅಲ್ಲಿನ ಗುಡಿಯೋ ವಿಗ್ರಹವೋ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು. ನೀವೂ ಪ್ರವಾಸ ಹೊರಡುವ ಮುನ್ನ ಇದೊಂದನ್ನು ತಿಳಿದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ. ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಗ್ಗೆ, ಪಶ್ಚಿಮಕ್ಕಿದ್ದರೆ ಮಧ್ಯಾಹ್ನ ಮೂರರ ಮೇಲೆ. ಉತ್ತರವಾದರೆ ತಿಂಗಳು ನೋಡಬೇಕು.

ಬೆಳಗೊಳದ ವಿಷಯವನ್ನೇ ಬಿಡಿಸಿ ಹೇಳುತ್ತೇನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಕಡೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲುತ್ತಾನೆ. ಅದರಲ್ಲಿ ಜೂನಿನಿಂದಲೇ ಮಳೆ, ಮೋಡ. ಉಳಿಯುವುದು ಮೇ ತಿಂಗಳು. ಮೇ ಬೆಳಗ್ಗೆ ಎಂಟರ ಸುಮಾರಿಗೆ ಬಿಸಿಲು ಈಶಾನ್ಯದ ಕಡೆಯಿಂದ, ನೋಡುವವರ ಎಡಗಡೆಯಿಂದ, ಗೊಮ್ಮಟನ ಮುಖದ ಮೇಲೆ ಓರೆಯಾಗಿ ಬೀಳುತ್ತದೆ. ಒಂದು ಕೆನ್ನೆ ಬೆಳಗಿರುತ್ತದೆ, ಇನ್ನೊಂದು ಕೆನ್ನೆ ತಂಪಾಗಿರುತ್ತದೆ, ನಡುವೆ ಆ ಸಣ್ಣ ನಗು. ಗುಂಗುರು ಕೂದಲಿನ ಸುರುಳಿಗಳನ್ನು ಎಣಿಸಬಹುದು. ಅದೇ ಮುಖವನ್ನು ಮಧ್ಯಾಹ್ನ ಹನ್ನೆರಡಕ್ಕೆ ನೋಡಿ: ಬೆಳಕು ಮೇಲಿನಿಂದ ಸುರಿದು, ಹುಬ್ಬಿನ ಕೆಳಗೆ ಕಣ್ಣೇ ಕಾಣುವುದಿಲ್ಲ.

ಚಳಿಗಾಲದಲ್ಲಿ ಬಂದವರು ನಿರಾಶರಾಗಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊಮ್ಮಟನ ನೆರಳು ಮುಂದಿನ ಅಂಗಳದಲ್ಲಿ ಬಿದ್ದಿರುತ್ತದೆ. ಆ ನೆರಳಿನ ತಲೆ ಎಲ್ಲಿದೆಯೋ ಅಲ್ಲಿ ಹೋಗಿ ಕುಳಿತುಕೊಳ್ಳಿ. ಈಗ ಸೂರ್ಯ ವಿಗ್ರಹದ ತಲೆಯ ಹಿಂದೆ ಅಡಗಿದ್ದಾನೆ, ಲೆನ್ಸಿಗೆ ನೇರ ಬಿಸಿಲು ಹೊಡೆಯುವುದಿಲ್ಲ. ಮೊಬೈಲಿನ ಪರದೆಯಲ್ಲಿ ಗೊಮ್ಮಟನ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಪಕ್ಕದಲ್ಲಿ ಸಣ್ಣ ಸೂರ್ಯನ ಚಿತ್ರ ಬರುತ್ತದೆ, ಅದನ್ನು ಮೇಲಕ್ಕೆ ಜಾರಿಸಿ. ಆಕಾಶ ಬಿಳಿಯಾಗುತ್ತದೆ, ಆಗಲಿ ಬಿಡಿ. ಮುಖ ಬರುತ್ತದೆ. ಅಜ್ಜಿಯ ಫೋಟೋ ತೆಗೆದಾಗ ನನಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು.

ಇದರ ತದ್ವಿರುದ್ಧ ಕೆಲಸವನ್ನೂ ಆ ಸೂರ್ಯನ ಚಿತ್ರವೇ ಮಾಡುತ್ತದೆ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಪ್ರಯಾಣಿಕರನ್ನು ಕರೆತರಲು ಹೋದಾಗೆಲ್ಲ ಅಲ್ಲಿನ 108 ಅಡಿಯ ಕೆಂಪೇಗೌಡರ ಪ್ರತಿಮೆಯ ಮುಂದೆ ಜನ ನಿಂತಿರುತ್ತಾರೆ. 2022ರಲ್ಲಿ ಅನಾವರಣವಾದ ಕಂಚಿನ ಪ್ರತಿಮೆ ಅದು. ಕಂಚು ಕಪ್ಪು, ಆಕಾಶ ಬಿಳುಪು, ಮೊಬೈಲಿಗೆ ಗೊಂದಲ. ಮೋಡ ಚೆನ್ನಾಗಿದ್ದರೆ ಆ ಸೂರ್ಯನನ್ನು ಕೆಳಕ್ಕೆ ಎಳೆದು ಪ್ರತಿಮೆಯನ್ನು ಕಪ್ಪು ಆಕೃತಿಯಾಗಿಯೇ ತೆಗೆಯಿರಿ. ಕೈಯಲ್ಲಿನ ಕತ್ತಿಯ ಗೆರೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ.

ಎತ್ತರದ ವಿಗ್ರಹದ ಜೊತೆ ಮನುಷ್ಯರನ್ನು ತೆಗೆಯುವಾಗ ಹತ್ತರಲ್ಲಿ ಒಂಬತ್ತು ಜನ ಮಾಡುವ ತಪ್ಪು ಒಂದೇ. ವಿಗ್ರಹದ ಬುಡಕ್ಕೆ ಹೋಗಿ ನಿಲ್ಲುತ್ತಾರೆ. ಗೊಮ್ಮಟ 58 ಅಡಿ, ನೀವು ಐದೂವರೆ ಅಡಿ. ಇಬ್ಬರನ್ನೂ ಪೂರ್ತಿ ಹಿಡಿದರೆ ನೀವು ಇರುವೆ. ನಿಲ್ಲಬೇಕಾದದ್ದು ಕ್ಯಾಮೆರಾದ ಹತ್ತಿರ, ಆರೇಳು ಅಡಿ ದೂರದಲ್ಲಿ, ಸ್ವಲ್ಪ ಒಂದು ಬದಿಗೆ. ತೆಗೆಯುವವರು ನೆಲದ ಮೇಲೆ ಕುಳಿತು ಮೊಬೈಲನ್ನು ತಲೆಕೆಳಗಾಗಿ ಹಿಡಿಯಬೇಕು, ಆಗ ಲೆನ್ಸು ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತದೆ. ನನ್ನ ಪ್ಯಾಂಟಿನ ಮಂಡಿ ಸವೆದಿರುವುದು ಹೀಗೆಯೇ. ಪಾದದ ಬಳಿ ಪೂಜೆ ಮಾಡುವ ಅರ್ಚಕರು ಇದ್ದರೆ ಅವರ ಒಪ್ಪಿಗೆ ಕೇಳಿ ಒಂದು ಬೇರೆ ಫೋಟೋ ತೆಗೆಯಿರಿ. ನಿಂತ ಅರ್ಚಕರ ತಲೆ ಗೊಮ್ಮಟನ ಮೊಣಕಾಲನ್ನೂ ಮುಟ್ಟುವುದಿಲ್ಲ. ಕಾಲಿನ ಇಕ್ಕೆಲದ ಹುತ್ತ, ಹಾವು, ಕಾಲನ್ನು ಸುತ್ತಿ ಹಬ್ಬಿದ ಬಳ್ಳಿ ಎಲ್ಲ ಬರುತ್ತದೆ. ಎತ್ತರ ಎಷ್ಟೆಂದು ಯಾರಿಗೂ ಹೇಳಬೇಕಾಗುವುದಿಲ್ಲ.

ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಹತ್ತು ಗಂಟೆಯ ಮೇಲೆ ಬಂಡೆ ಕಾದ ಹೆಂಚು. ಕೆಳಗೆ ಕಾಲುಚೀಲ ಮಾರುತ್ತಾರೆ, ಕೊಂಡುಕೊಳ್ಳಿ. ಕಾಲು ಸುಡುತ್ತಿರುವವರ ಮುಖ ಫೋಟೋದಲ್ಲಿ ಚೆನ್ನಾಗಿ ಬಂದದ್ದನ್ನು ನಾನು ಕಂಡಿಲ್ಲ. ಇಳಿದ ಮೇಲೆ ಕಾಲಿನಲ್ಲಿ ಕಸುವು ಉಳಿದಿದ್ದರೆ ಎದುರಿನ ಚಂದ್ರಗಿರಿಯನ್ನೂ ಹತ್ತಿ. ಚಿಕ್ಕ ಬೆಟ್ಟ, ಜನ ಕಡಿಮೆ. ಅಲ್ಲಿಂದ ನೋಡಿದರೆ ಕೆಳಗೆ ಕಲ್ಯಾಣಿ, ಆಚೆ ವಿಂಧ್ಯಗಿರಿಯ ಬೋಳು ಬಂಡೆ, ಅದರ ನೆತ್ತಿಯಲ್ಲಿ ಗೋಡೆಯಾಚೆ ಎದ್ದ ಗೊಮ್ಮಟನ ತಲೆ, ಭುಜ.

ಚಂದ್ರಗಿರಿಯಲ್ಲಿ ಬಂಡೆಯ ಮೇಲೆ ಕೊರೆದ ಶಾಸನಗಳಿವೆ. ಬೆಳಗೊಳ ಮತ್ತು ಸುತ್ತಮುತ್ತ ಇಂಥವು ಐನೂರಕ್ಕೂ ಹೆಚ್ಚು. ನಡುಹಗಲಿನಲ್ಲಿ ಕಾಲ ಬಳಿಯೇ ಇದ್ದರೂ ಕಾಣುವುದಿಲ್ಲ, ಬರೀ ಬಂಡೆ ಎಂದು ದಾಟಿ ಹೋಗುತ್ತೀರಿ. ಸಂಜೆ ಬಿಸಿಲು ನೆಲಕ್ಕೆ ತಾಗಿದಂತೆ ಬಂದಾಗ ಒಂದೊಂದು ಅಕ್ಷರದ ಅಂಚಿನಲ್ಲೂ ಕೂದಲೆಳೆಯಷ್ಟು ನೆರಳು ಬಿದ್ದು ಸಾಲು ಸಾಲಾಗಿ ಎದ್ದು ನಿಲ್ಲುತ್ತವೆ. ಬಿಸಿಲಿಲ್ಲದಿದ್ದರೆ ಇನ್ನೊಂದು ಮೊಬೈಲಿನ ಟಾರ್ಚನ್ನು ನೆಲದಿಂದ ನಾಲ್ಕು ಬೆರಳು ಮೇಲೆ, ಪಕ್ಕದಿಂದ ಹಿಡಿಯಲು ಜೊತೆಗಾರರಿಗೆ ಹೇಳಿ. ಮೇಲಿನಿಂದ ಹಿಡಿದರೆ ಪ್ರಯೋಜನವಿಲ್ಲ. ಕೆಲವಕ್ಕೆ ರಕ್ಷಣೆಗಾಗಿ ಗಾಜು ಹಾಕಿದ್ದಾರೆ. ಅಲ್ಲಿ ಕಪ್ಪು ಕೊಡೆ ಬಿಚ್ಚಿ ಹಿಂದಿನಿಂದ ಅಡ್ಡ ಹಿಡಿದರೆ ಆಕಾಶದ ಪ್ರತಿಬಿಂಬ ಹೋಗುತ್ತದೆ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕುವವರನ್ನು ನೋಡಿದ್ದೇನೆ. ಅಂಥವರನ್ನು ಕಾರಿನಲ್ಲಿ ವಾಪಸು ಕರೆತರುವಾಗ ನಾನು ಹೆಚ್ಚು ಮಾತಾಡುವುದಿಲ್ಲ.

ಬೇಲೂರು, ಹಳೇಬೀಡಿಗೆ ಬರೋಣ. ಸೋಮನಾಥಪುರದ ಜೊತೆಗೆ ಈ ಎರಡು ಗುಡಿಗಳೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಬರುವವರು ಬೆಳಗ್ಗೆ ಆರಕ್ಕೆ ಹೊರಟು, ಹತ್ತಕ್ಕೆ ಬೆಳಗೊಳ, ಎರಡಕ್ಕೆ ಬೇಲೂರು ಮುಟ್ಟಿ, ಹಳೇಬೀಡಿಗೆ ಬರುವಷ್ಟರಲ್ಲಿ ಬಿಸಿಲು ಮುಗಿದಿರುತ್ತದೆ. ಹಿಂದಿನ ರಾತ್ರಿಯೇ ಹಾಸನಕ್ಕೆ ಬಂದು ಮಲಗಿ. ನನ್ನ ಬಾಡಿಗೆ ಹೆಚ್ಚಾಗಲಿ ಎಂದು ಹೇಳುತ್ತಿಲ್ಲ, ಸ್ವಲ್ಪ ಹೆಚ್ಚಾಗುತ್ತದೆ, ನಿಜ. ಬೆಳಗೊಳಕ್ಕೆ ಮುಂಜಾನೆ, ಬೇಲೂರಿಗೆ ನಡುಹಗಲು, ಹಳೇಬೀಡಿಗೆ ಮೂರೂವರೆಯ ಒಳಗೆ.

ಬೇಲೂರಿಗೆ ನಡುಹಗಲೇ ಎಂದು ಹುಬ್ಬೇರಿಸಬೇಡಿ. ಅಲ್ಲಿ ಎಲ್ಲರಿಗೂ ಬೇಕಾದವರು ಶಿಲಾಬಾಲಿಕೆಯರು. ಅವರು ನಿಂತಿರುವುದು ಅಗಲವಾದ ಕಲ್ಲಿನ ಸೂರಿನ ಅಡಿಯಲ್ಲಿ, ಮುಂದಕ್ಕೆ ಬಾಗಿಕೊಂಡು. ನೆತ್ತಿಯ ಬಿಸಿಲು ಅವರನ್ನು ಮುಟ್ಟುವುದಿಲ್ಲ. ಆದರೆ ಅದೇ ಬಿಸಿಲು ಕೆಳಗಿನ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಚಪ್ಪಡಿಗಳ ಮೇಲೆ ಬಿದ್ದು, ಪುಟಿದು, ಕೆಳಗಿನಿಂದ ಮೇಲಕ್ಕೆ ಅವರ ಮುಖಕ್ಕೆ ಹೋಗುತ್ತದೆ. ಸ್ಟುಡಿಯೋದವರು ಬಿಳಿ ಹಲಗೆ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ನೆಲವೇ ಮಾಡಿಕೊಡುತ್ತದೆ. ಕಣ್ಣಲ್ಲಿ ನೆರಳಿಲ್ಲ, ಗಲ್ಲದ ಕೆಳಗೂ ಬೆಳಕು. ದರ್ಪಣ ಸುಂದರಿಯನ್ನು ಬೆಳಗ್ಗೆಯೂ ತೆಗೆದಿದ್ದೇನೆ, ಮಧ್ಯಾಹ್ನವೂ ತೆಗೆದಿದ್ದೇನೆ, ಮಧ್ಯಾಹ್ನದ್ದನ್ನೇ ಇಟ್ಟುಕೊಂಡಿದ್ದೇನೆ.

ತೆಗೆಯುವಾಗ ಅವರ ಕಾಲಡಿಗೆ ಹೋಗಿ ಕತ್ತೆತ್ತಬೇಡಿ, ಮೂಗಿನ ಹೊಳ್ಳೆ ಮಾತ್ರ ಬರುತ್ತದೆ. ಜಗತಿಯ ಅಂಚಿನವರೆಗೆ ಹಿಂದೆ ಸರಿದು ಎರಡು ಅಥವಾ ಮೂರು ಪಟ್ಟು ಜೂಮ್ ಮಾಡಿ. ಬೆನ್ನ ಹಿಂದೆ ನೋಡಿಕೊಂಡು ಸರಿಯಿರಿ, ಜಗತಿಗೆ ಕಟಾಂಜನವಿಲ್ಲ. ಅರ್ಧ ಪಟ್ಟಿನ ಅಗಲ ಲೆನ್ಸಂತೂ ಗುಡಿಯ ಹತ್ತಿರ ಬೇಡವೇ ಬೇಡ, ಕಂಬಗಳೆಲ್ಲ ಕುಡಿದವರಂತೆ ವಾಲುತ್ತವೆ. ಜೂಮ್ ಮಾಡಿದ್ದರ ಲಾಭವೂ ಇದೆ. ಗೈಡುಗಳು ತೋರಿಸುವ ಆ ನೊಣ, ಅದರ ಮೇಲೆ ಹೊಂಚು ಹಾಕಿರುವ ಹಲ್ಲಿ, ಬರಿಗಣ್ಣಿಗೆ ಅಷ್ಟಕ್ಕಷ್ಟೆ; ಫೋಟೋದಲ್ಲಿ ಹಿಗ್ಗಿಸಿದಾಗ ಬಳಪದ ಕಲ್ಲಿನಲ್ಲಿ ಹಲ್ಲಿಯ ಬಾಲ ಕೂಡ ಸಿಗುತ್ತದೆ. ಗುಡಿಯ ಎದುರು ಕೈಮುಗಿದು ನಿಂತ ಗರುಡನನ್ನು ಮರೆಯಬೇಡಿ. ಗುಡಿ ಪೂರ್ವಕ್ಕೆ ನೋಡುತ್ತದೆ, ಗರುಡ ಗುಡಿಯನ್ನು ನೋಡುತ್ತಾನೆ. ಹಾಗಾಗಿ ಅವನ ಮುಖಕ್ಕೆ ಬೆಳಕು ಮಧ್ಯಾಹ್ನದ ಮೇಲೆಯೇ.

ಹಳೇಬೀಡಿನಲ್ಲಿ ಕಾರು ನಿಲ್ಲಿಸಿದ ತಕ್ಷಣ ಎಲ್ಲರೂ ಎದುರಿಗೆ ಕಂಡ ಬಾಗಿಲಿಗೆ ನುಗ್ಗುತ್ತಾರೆ. ನೀವು ಗುಡಿಯನ್ನು ಬಳಸಿಕೊಂಡು ಹಿಂದೆ, ಪಶ್ಚಿಮದ ಗೋಡೆಗೆ ಹೋಗಿ. ಒಳಗಿನದನ್ನು ಆಮೇಲೂ ನೋಡಬಹುದು, ಈ ಬಿಸಿಲು ಆಮೇಲೆ ಸಿಗುವುದಿಲ್ಲ. ಇಲ್ಲಿನ ಗೋಡೆ ನೇರವಾಗಿಲ್ಲ. ಸೀರೆಯ ನೆರಿಗೆಯಂತೆ ಒಳಗೆ ಹೊರಗೆ ಮಡಿಸಿಕೊಂಡು ಹೋಗುತ್ತದೆ. ಒಂದು ಮಡಿಕೆಗೆ ಬಿಸಿಲು ನೇರ, ಪಕ್ಕದ್ದಕ್ಕೆ ಓರೆ, ಅದರಾಚೆಯದು ನೆರಳು. ನೇರ ಬಿಸಿಲು ಬಿದ್ದ ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ, ಓರೆ ಬಿಸಿಲು ಬಿದ್ದದ್ದು ಗೋಡೆ ಬಿಟ್ಟು ಹೊರಗೆ ಬಂದಂತಿರುತ್ತದೆ. ಓರೆ ಬಿದ್ದದ್ದನ್ನು ಹುಡುಕುತ್ತಾ ನಡೆಯಿರಿ. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಹಿಂದಿರುಗಿ ಬಂದರೆ ಬೆಳಕು ಪಕ್ಕದ ಮಡಿಕೆಗೆ ಸರಿದಿರುತ್ತದೆ. ಕೈಲಾಸ ಎತ್ತುವ ರಾವಣನಂಥ ಕಿಕ್ಕಿರಿದ ಶಿಲ್ಪವನ್ನು ಒಂದೇ ಫೋಟೋದಲ್ಲಿ ತುಂಬಿದರೆ ಮನೆಗೆ ಹೋದ ಮೇಲೆ ಏನೂ ತಿಳಿಯದು. ಪೂರ್ತಿಯಾಗಿ ಒಂದು, ರಾವಣನದೊಂದು, ಮೇಲಿನ ಬೆಟ್ಟದ್ದೊಂದು. ಕೆಳಗಿನ ಆನೆಗಳ ಸಾಲಿಗೆ ಕುಕ್ಕರಗಾಲಿನಲ್ಲಿ ಕೂರಲೇಬೇಕು. ಮಕ್ಕಳನ್ನು ಶಿಲ್ಪದ ಮೇಲೆ ಹತ್ತಿಸಿ ಕೂರಿಸುವುದು ಬೇಡ, ಹಾಗೆ ಕೂರಿಸಿದರೆ ಮೊಬೈಲ್ ನನ್ನ ಕೈಗೆ ಕೊಡಬೇಡಿ. ಟ್ರೈಪಾಡ್ ತಂದವರು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು, ಬಾಗಿಲಲ್ಲಿ ವಾದ ಮಾಡಿ ಗೆದ್ದವರಿಲ್ಲ.

ತೋಟಗಳ ಲೆಕ್ಕ ಬೇರೆ. ಕಲ್ಲಿಗೆ ಓರೆ ಬಿಸಿಲು ಬೇಕು, ಹೂವಿಗೆ ಮೋಡ ಬೇಕು. ಉರಿಬಿಸಿಲಿನಲ್ಲಿ ಕೆಂಪು ಗುಲಾಬಿಯ ಎಸಳುಗಳೆಲ್ಲ ಒಂದೇ ಮುದ್ದೆಯಾಗಿ ಬರುತ್ತವೆ. ಲಾಲ್‌ಬಾಗಿಗೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನ ಮನೆಯನ್ನು ಜನರಿಲ್ಲದೆ ತೆಗೆಯುವ ಆಸೆ ಬಿಟ್ಟುಬಿಡಿ. ಸಾಮಾನ್ಯ ದಿನ ಬೆಳಗ್ಗೆ ಅದು ನಡೆಯಲು ಬಂದವರ ಪಾಲು ಮಾತ್ರ. 1889ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ಎಡಬಲ ಸರಿಸಮ. ಆದ್ದರಿಂದ ಸರಿಯಾಗಿ ಮಧ್ಯದಲ್ಲಿ ನಿಲ್ಲಿ, ಪರದೆಯ ಮೇಲೆ ಅಡ್ಡ ಉದ್ದ ಗೆರೆಗಳು ಬರುವಂತೆ ಸೆಟ್ಟಿಂಗ್ ಮಾಡಿಕೊಳ್ಳಿ. ಎರಡು ಅಡಿ ಆಚೆ ನಿಂತರೂ ಕಣ್ಣಿಗೆ ಚುಚ್ಚುತ್ತದೆ. ಹೂವಿನ ಹಿಂದೆ ಬೇಲಿಯೋ ಮರದ ನೆರಳೋ ಕಪ್ಪಾಗಿರುವ ಕೋನ ಹುಡುಕಿ. ಹಸಿರು ಸೀರೆ ಉಟ್ಟು ತೋಟಕ್ಕೆ ಹೋದವರು ಫೋಟೋದಲ್ಲಿ ಗಿಡಕ್ಕೆ ಸೇರಿಹೋಗುತ್ತಾರೆ, ಅರಿಶಿನ ಬಣ್ಣದವರು ಎದ್ದು ಕಾಣುತ್ತಾರೆ. ಹಳೇಬೀಡಿನ ಬೂದುಗಲ್ಲಿನ ಮುಂದೆಯೂ ಅರಿಶಿನ, ಕೆಂಪೇ ಸೈ.

ಮೊಬೈಲಿನ ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಮಸಾಲೆ ದೋಸೆ ತಿಂದ ಬೆರಳಿನ ಗುರುತು ಇಡೀ ಹೊಯ್ಸಳ ವಾಸ್ತುವಿನ ಮೇಲೆ ಮಂಜು ಕವಿಸಿದ್ದನ್ನು ಕಂಡಿದ್ದೇನೆ. ಹಳೇಬೀಡಿಗೆ ಬಂದಾಗ 'ಜಾಗವಿಲ್ಲ' ಎಂದು ಮೊಬೈಲ್ ಹೇಳದಂತೆ ಹಿಂದಿನ ರಾತ್ರಿಯೇ ಬೇಡದ ವಿಡಿಯೋ ಅಳಿಸಿ. ಊರಿಗೆ ಹೋದ ಮೇಲೆ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೇ ಕಳಿಸಿದರೆ ಕುಗ್ಗಿ, ಪ್ರಿಂಟ್ ಹಾಕಿಸುವಾಗ ಒಡೆದು ಕಾಣುತ್ತವೆ.

ಇನ್ನು ದಿನದ ಮೊದಲ ಫೋಟೋ. ಅದು ಗೋಪುರದ್ದೂ ಬೇಡ, ದೇವರದ್ದೂ ಬೇಡ. ಕಾರಿನಿಂದ ಇಳಿದ ತಕ್ಷಣ ನಂಬರ್ ಪ್ಲೇಟಿನದೊಂದು ತೆಗೆದುಕೊಳ್ಳಿ. ರಜೆಯ ದಿನ ಹಳೇಬೀಡಿನ ಪಾರ್ಕಿಂಗ್‌ನಲ್ಲಿ ನನ್ನದರಂಥ ಬಿಳಿ ಕಾರು ನಲವತ್ತಾದರೂ ಇರುತ್ತವೆ. ಯಾರದೋ ಕಾರಿನ ಹಿಂಬದಿ ಸೀಟಿನಲ್ಲಿ ಹೋಗಿ ಕುಳಿತು, ಶೂ ಬಿಚ್ಚಿ, ಎ.ಸಿ. ಹಾಕಲು ಹೇಳಿದವರನ್ನು ಇದುವರೆಗೆ ಮೂರು ಸಲ ಇಳಿಸಿ ಕರೆತಂದಿದ್ದೇನೆ.