ಕ್ಯಾರೆಕ್ಟರ್‌ಗೆ ಅಂಕ ಹಂಚುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಒಬ್ಬೊಬ್ಬರು ಒಂದು ಪಾತ್ರ (ಕ್ಯಾರೆಕ್ಟರ್) ವಹಿಸಿ, ದಾಳ ಉರುಳಿಸುತ್ತಾ ಕಥೆಯಂತೆ ಆಡುವ ಆಟ. ಅದನ್ನು ಆಡಲು ಬರುವ ಹೊಸಬರ ಶೀಟ್‌ಗಳನ್ನು, ಅಂದರೆ ಪಾತ್ರದ ವಿವರ ಬರೆಯುವ ಹಾಳೆಗಳನ್ನು, ಬಹಳ ನೋಡಿದ್ದೇನೆ. ಹೆಚ್ಚಿನವರದ್ದು ಒಂದೇ ತಪ್ಪು. ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ), ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಷ್ಮಾ (ವ್ಯಕ್ತಿತ್ವದ ಸೆಳೆತ) – ಈ ಆರು ಗುಣಗಳಿಗೂ ಅಂಕ ಸಮನಾಗಿ ಹಂಚಿಬಿಡುತ್ತಾರೆ. ಆಮೇಲೆ ಆಟದಲ್ಲಿ ಯಾವ ಕೆಲಸಕ್ಕೆ ಕೈಹಾಕಿದರೂ ಅರ್ಧಂಬರ್ಧ. ಪಾಪ, ಎರಡನೇ ವಾರಕ್ಕೇ ಬೇಜಾರಾಗುತ್ತದೆ.

1. ಮೊದಲು ಕೆಲಸ ಗೊತ್ತುಮಾಡಿ. ನಿಮ್ಮ ಕ್ಯಾರೆಕ್ಟರ್ ಹೊಡೆದಾಡುತ್ತಾನಾ, ಮಂತ್ರ ಹಾಕುತ್ತಾನಾ, ಬೀಗ ಒಡೆಯುತ್ತಾನಾ? ಕ್ಲಾಸ್ (ಯೋಧ, ಮಂತ್ರವಾದಿ ಥರದ ಕಸುಬು) ಆರಿಸಿದರೆ ಮುಖ್ಯ ಅಂಕ ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ.

2. ಅಂಕ ಪಡೆಯುವ ದಾರಿ ಆರಿಸಿ. 1974ರ ಮೊದಲ ಆಟದಲ್ಲಿ ಆರು ಮುಖದ ಮೂರು ದಾಳ ಉರುಳಿಸಿ, ಬಂದದ್ದನ್ನು ಕೂಡಿ ಬರೆದುಕೊಳ್ಳುತ್ತಿದ್ದರು. ಸರಾಸರಿ 10.5 ಬರುತ್ತದೆ. ಈಗ ನಾಲ್ಕು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನು ಬಿಡುವ ರೂಢಿ ಇದೆ; ಸರಾಸರಿ ಸುಮಾರು 12.2ಕ್ಕೆ ಏರುತ್ತದೆ. ಆದರೂ ದಾಳ ಬೇಡ ಎಂದೇ ನನ್ನ ಸಲಹೆ. ಒಬ್ಬರಿಗೆ 17, 16 ಬಿದ್ದು ಪಕ್ಕದವರಿಗೆ 11 ದಾಟದಿದ್ದರೆ ಆ ಅನ್ಯಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಉರುಳಿಸಲೇಬೇಕು ಅಂದರೆ ಒಬ್ಬರು ಉರುಳಿಸಲಿ, ಬಂದ ಆರು ಅಂಕಗಳನ್ನೇ ಎಲ್ಲರೂ ಬಳಸಲಿ. ಅಂದಹಾಗೆ, ಮಿನುಗುವ ಬಣ್ಣ ತುಂಬಿದ ದಾಳ ಕೊಳ್ಳಬೇಡಿ. ಅಂಕೆಯೇ ಕಾಣುವುದಿಲ್ಲ, ಪ್ರತಿಸಲವೂ ಬಗ್ಗಿ ನೋಡಬೇಕು.

ನ್ಯಾಯವಾದ ದಾರಿ ಪಾಯಿಂಟ್ ಬೈ, ಅಂದರೆ ಕೊಟ್ಟ ಪಾಯಿಂಟ್ ಖರ್ಚು ಮಾಡಿ ಅಂಕ ಕೊಳ್ಳುವುದು. ಎಲ್ಲರಿಗೂ 27 ಪಾಯಿಂಟ್.

3. ಖರ್ಚು ಮಾಡಿ. ಎಡವುವುದು ಇಲ್ಲೇ. ನಿಧಾನವಾಗಿ ನೋಡೋಣ.

ಆರೂ ಅಂಕ 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೂ ಒಂದು ಪಾಯಿಂಟ್. ಅಲ್ಲಿಂದ ದುಬಾರಿ: 14ಕ್ಕೆ ಏರಲು 2, 15ಕ್ಕೆ ಏರಲು ಮತ್ತೆ 2. ಅಂದರೆ 13ಕ್ಕೆ 5 ಪಾಯಿಂಟ್, 14ಕ್ಕೆ 7, 15ಕ್ಕೆ 9. ಅದಕ್ಕಿಂತ ಮೇಲೆ ಕೊಳ್ಳುವಂತಿಲ್ಲ.

ಆದರೆ ಆಟದಲ್ಲಿ ಕೆಲಸಕ್ಕೆ ಬರುವುದು ಆ ಅಂಕ ಅಲ್ಲ, ಅದರಿಂದ ಸಿಗುವ ಮಾಡಿಫೈಯರ್, ಅಂದರೆ ದಾಳದಲ್ಲಿ ಬಿದ್ದದ್ದಕ್ಕೆ ಕೂಡಿಸುವ ಸಂಖ್ಯೆ. 10ಕ್ಕೆ ಸೊನ್ನೆ, 12ಕ್ಕೆ +1, 14ಕ್ಕೆ +2, 16ಕ್ಕೆ +3. 8ಕ್ಕೆ –1. ನಡುವಿನ ಬೆಸ ಅಂಕಗಳಿಗೆ ಹೆಚ್ಚಿಗೆ ಏನೂ ಸಿಗುವುದಿಲ್ಲ.

ಈಗ ಹೊಸಬರ ಶೀಟ್ ನೋಡಿ: 13, 13, 13, 12, 12, 12. ಸರಿಯಾಗಿ 27 ಪಾಯಿಂಟ್. ಸಿಕ್ಕಿದ್ದು? ಆರಕ್ಕೆ ಆರೂ +1. ಆ ಮೂರು 13ಗಳಿಗೆ ಹಾಕಿದ ಮೂರು ಪಾಯಿಂಟ್ ಸುಮ್ನೆ ಹೋಯ್ತು, ಅಲ್ವಾ?

ಅದೇ 27ರಲ್ಲಿ ಒಬ್ಬ ಕ್ಲೆರಿಕ್ (ದೈವಶಕ್ತಿಯಿಂದ ಮಂತ್ರ ಹಾಕುವವನು) ಮಾಡೋಣ. ವಿಸ್ಡಮ್ 15, ಕಾನ್‌ಸ್ಟಿಟ್ಯೂಷನ್ 14, ಸ್ಟ್ರೆಂತ್ 13, ಕರಿಷ್ಮಾ 12, ಡೆಕ್ಸ್ಟೆರಿಟಿ 10, ಇಂಟೆಲಿಜೆನ್ಸ್ 8. 2024ರ ನಿಯಮದಲ್ಲಿ ಬ್ಯಾಕ್‌ಗ್ರೌಂಡ್‌ನಿಂದ (ಕ್ಯಾರೆಕ್ಟರ್‌ನ ಹಿಂದಿನ ಬದುಕು) ಒಂದಕ್ಕೆ +2, ಇನ್ನೊಂದಕ್ಕೆ +1 ಕೂಡಿಸಬಹುದು. ಫಾರ್ಮರ್ ಬ್ಯಾಕ್‌ಗ್ರೌಂಡ್ ತೆಗೆದುಕೊಂಡರೆ ವಿಸ್ಡಮ್ 17, ಸ್ಟ್ರೆಂತ್ 14 ಆಗುತ್ತದೆ. ಆ 13 ಬೆಸ ಅಂಕವಾದರೂ ವ್ಯರ್ಥವಾಗಲಿಲ್ಲ, ನೋಡಿ. ಬೆಸ ಅಂಕ ಕೊಳ್ಳುವುದಾದರೆ ಹೀಗೆ ಮುಂದೆ ಏನೋ ಕೂಡುತ್ತದೆ ಎಂದು ಗೊತ್ತಿದ್ದಾಗ ಮಾತ್ರ ಕೊಳ್ಳಿ. ಹಳೆಯ 2014ರ ಪುಸ್ತಕದಲ್ಲಿ ಈ ಹೆಚ್ಚುವರಿ ಬರುವುದು ರೇಸ್‌ನಿಂದ (ಎಲ್ಫ್, ಡ್ವಾರ್ಫ್ ಥರದ ಕುಲ). ಯಾವ ಪುಸ್ತಕ ಎಂದು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಹತ್ತಿರ ಮೊದಲೇ ಕೇಳಿ.

ಒಂದು ಮಾಡಿಫೈಯರ್ ಹೆಚ್ಚಾದರೆ ಏನು ಮಹಾ ಅನ್ನಬೇಡಿ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ +1ಕ್ಕೂ ಗೆಲ್ಲುವ ಸಾಧ್ಯತೆ ಶೇ 5 ಏರುತ್ತದೆ. ಗೆಲ್ಲಲು ಒಟ್ಟು 15 ಬೇಕಿದ್ದಾಗ +3 ಇರುವವರಿಗೆ ಶೇ 45, –1 ಇರುವವರಿಗೆ ಶೇ 25.

ಕಾನ್‌ಸ್ಟಿಟ್ಯೂಷನ್ ಮಾತ್ರ ಯಾವತ್ತೂ 8ಕ್ಕೆ ಬಿಡಬೇಡಿ, ಯಾವ ಕ್ಲಾಸ್ ಆದರೂ ಸರಿ. ಪ್ರತಿ ಲೆವೆಲ್‌ಗೂ ಅದರ ಮಾಡಿಫೈಯರ್ ಹಿಟ್ ಪಾಯಿಂಟ್‌ಗೆ (ಎಷ್ಟು ಏಟು ತಡೆಯಬಲ್ಲ ಎಂಬ ಲೆಕ್ಕ) ಸೇರುತ್ತದೆ. ಐದನೇ ಲೆವೆಲ್‌ಗೆ ಬರುವಾಗ ನಮ್ಮ ಕ್ಲೆರಿಕ್‌ಗೆ, ಪುಸ್ತಕದ ನಿಗದಿತ ಲೆಕ್ಕದಲ್ಲಿ, 48 ಹಿಟ್ ಪಾಯಿಂಟ್ ಇರುತ್ತದೆ. ಕಾನ್‌ಸ್ಟಿಟ್ಯೂಷನ್ 8 ಇದ್ದಿದ್ದರೆ 33. ಒಂದು ದೊಡ್ಡ ಏಟಿಗೆ ಬದುಕುವುದು, ಬೀಳುವುದು ಇಷ್ಟರಲ್ಲೇ ಇರುತ್ತದೆ. ಮಂತ್ರ ಹಿಡಿದಿಟ್ಟುಕೊಂಡಾಗ ಏಟು ಬಿದ್ದರೆ ಅದು ಕೈತಪ್ಪದಂತೆ ಕಾಯುವುದೂ ಇದೇ ಅಂಕ.

8 ಬೇರೆ ಎಲ್ಲಾದರೂ ಇರಲಿ, ನಾಚಿಕೆ ಬೇಡ. ಇಂಟೆಲಿಜೆನ್ಸ್ 8 ಇರುವ ಕ್ಲೆರಿಕ್ ಹಳೆಯ ಶಾಸನವನ್ನು ತಪ್ಪಾಗಿ ಅರ್ಥಮಾಡಿಕೊಂಡು ಗೆಳೆಯರನ್ನೆಲ್ಲ ಬೇರೆ ಬಾಗಿಲಿಗೆ ಕರೆದೊಯ್ಯುತ್ತಾನೆ. ಒಳ್ಳೆಯ ಆಟ ಹುಟ್ಟುವುದು ಇಂಥಲ್ಲೇ.

ಒಂದು ಗುಂಡಿ ಒತ್ತಿದರೆ ಅಂಕ ತುಂಬಿಕೊಡುವ ಆ್ಯಪ್‌ಗಳಿವೆ. ಮೊದಲ ಸಲ ಅವುಗಳ ಸಹವಾಸ ಬೇಡ. ಯಾಕೆ ಹಾಗೆ ಹಂಚಿದೆ ಎಂದು ಗೊತ್ತಾಗದಿದ್ದರೆ ಮುಂದಿನ ಲೆವೆಲ್‌ನಲ್ಲಿ ಮತ್ತೆ ತಡಕಾಡಬೇಕು.

4. ಶೀಟ್‌ಗೆ ಬರೆಯಿರಿ. ಮಾಡಿಫೈಯರ್ ದೊಡ್ಡದಾಗಿ, ಅಂಕ ಚಿಕ್ಕದಾಗಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಏಕೆಂದರೆ ನಾಲ್ಕನೇ ಲೆವೆಲ್‌ಗೆ ಹೊಸ ಫೀಟ್ (ವಿಶೇಷ ಸಾಮರ್ಥ್ಯ) ಸಿಗುತ್ತದೆ. ವಿಸ್ಡಮ್‌ಗೆ +1 ಕೊಡುವ ಫೀಟ್ ಆರಿಸಿದರೆ ಕ್ಲೆರಿಕ್‌ನ 17 ಆಗ 18 ಆಗುತ್ತದೆ, ಮಾಡಿಫೈಯರ್ +4ಕ್ಕೆ ಏರುತ್ತದೆ.